ಗೋಡೆಯಾಚೆಯ ವಂಕಿ ಪುರಾಣ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಎದೆಮಟ್ಟದ ಕಾಂಪೌಂಡ್ ಗೋಡೆ. ಕರಿಬೇವು, ಮೊಸರಿನ ಹೆಪ್ಪು, ಬೀದಿಯ ಸುದ್ದಿ, ಎಲ್ಲವೂ ಅದರ ಮೇಲಿಂದಲೇ ದಾಟುತ್ತವೆ. ಈಚೆಗೆ ದಾಟುತ್ತಿರುವುದು ಪಕ್ಕದ ಮನೆಯಾಕೆಯ ಮಿರೆನಾ ಸುದ್ದಿ. ಮಿರೆನಾ ಎಂದರೆ ಗರ್ಭಕೋಶದೊಳಗೆ ಹಾಕುವ ಗರ್ಭನಿರೋಧಕ ವಂಕಿ.

"ನನ್ನ ಗ್ರಹಚಾರ ನೋಡಿ ಅಕ್ಕಾ. ತಿಂಗಳು ತಿಂಗಳು ರಕ್ತ ಜಾಸ್ತಿ ಹೋಗುತ್ತೆ ಅಂತ ಇದನ್ನ ಹಾಕಿಸ್ಕೊಂಡೆ. ಈಗ ವಾಷರ್ ಹೋದ ನಲ್ಲಿ ಥರ ದಿನಾ ಚೂರುಚೂರು!"

"ಡಾಕ್ಟರ್ ಏನಂದ್ರು?"

"ನಾರ್ಮಲ್ ಅಂದ್ರು. ನೆಕ್ಸ್ಟ್ ಪೇಷೆಂಟ್‌ನ ಕರೆದ್ರು."

ಈ 'ನಾರ್ಮಲ್' ಮೇಲೆ ನನಗೆ ಹಳೇ ಸಿಟ್ಟು. ಅದು ಸುಳ್ಳಲ್ಲ, ಅರ್ಧ ಮಾತು. ಗರ್ಭಕೋಶದೊಳಗೆ ಕೂರುವ ಆ ಪುಟ್ಟ 'ಟಿ'ಯಲ್ಲಿ 52 ಮಿಲಿಗ್ರಾಂ ಲೆವೊನಾರ್‌ಜೆಸ್ಟ್ರೆಲ್ ಎಂಬ ಹಾರ್ಮೋನು ಇರುತ್ತದೆ. ಶುರುವಿನಲ್ಲಿ ಅದು ದಿನಕ್ಕೆ ಸುಮಾರು 20 ಮೈಕ್ರೋಗ್ರಾಂನಷ್ಟು ಜಿನುಗಿ ಒಳಪದರವನ್ನು ತೆಳುವಾಗಿಸುತ್ತದೆ. ಪೂರ್ತಿ ತೆಳುವಾಗುವ ತನಕ ಪದರ ಅಲ್ಲಲ್ಲಿ ಕಿತ್ತು ಬರುತ್ತದೆ, ಅದೇ ಈ ಸ್ಪಾಟಿಂಗ್. ಮೂರರಿಂದ ಆರು ತಿಂಗಳು ಈ ಕಾಟ ಇದ್ದದ್ದೇ. ಆಮೇಲೆ ಬಹುಪಾಲು ಹೆಂಗಸರಿಗೆ ಸ್ರಾವ ತೀರಾ ಇಳಿಯುತ್ತದೆ. ವರ್ಷ ತುಂಬುವ ಹೊತ್ತಿಗೆ ಐವರಲ್ಲಿ ಒಬ್ಬರಿಗೆ ಮುಟ್ಟೇ ನಿಂತಿರುತ್ತದೆ. ಇಷ್ಟನ್ನು ಹಾಕುವ ಮೊದಲೇ ಹೇಳಿದ್ದರೆ ಪಾಪ, ಈಕೆ ರಾತ್ರಿಯೆಲ್ಲ ಕ್ಯಾನ್ಸರ್ ಎಂದು ಕೊರಗುತ್ತಿರಲಿಲ್ಲ.

ಆದರೆ ಅವಳ ದೊಡ್ಡ ಕಷ್ಟ ಪ್ಯಾಡಿನ ಖರ್ಚಿನದಲ್ಲ, ದೇವರ ಮನೆಯದು. ಅವರ ಮನೆಯಲ್ಲಿ ಮುಟ್ಟಾದವರು ಇಂದಿಗೂ ಮೂರು ದಿನ 'ಹೊರಗೆ'. "ಮೂರು ದಿನ ಸರಿ ಅಕ್ಕಾ, ಇಪ್ಪತ್ತು ದಿನ ಹೊರಗೆ ಕೂತ್ರೆ ದೀಪ ಹಚ್ಚೋರು ಯಾರು? ಅತ್ತೆಗೆ ಮಂಡಿ ನೋವು." ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಾಗ ಅತ್ತೆಯೇ ಧರ್ಮಶಾಸ್ತ್ರ ತಿದ್ದಿದರಂತೆ: "ಚುಕ್ಕೆಯೆಲ್ಲ ಮುಟ್ಟಲ್ಲ, ತಲೆಗೆ ಹಾಕ್ಕೊಂಡು ಬಂದು ಕಲಶ ಇಡು." ಸುಧಾರಕರ ಭಾಷಣಕ್ಕೆ ಬಗ್ಗದ್ದು ಮಂಡಿ ನೋವಿಗೆ ಬಗ್ಗಿತು.

ಮುಟ್ಟು ನಿಂತರೆ ಇನ್ನೊಂದು ರಾಮಾಯಣ. ಎದುರು ಮನೆಯ ಅಜ್ಜಿ ಆಗಲೇ ತೀರ್ಪು ಕೊಟ್ಟಿದ್ದಾರೆ: "ಕೆಟ್ಟ ರಕ್ತ ಒಳಗೇ ನಿಂತ್ರೆ ತಲೆಗೇರುತ್ತೆ ಕಣಮ್ಮ." ಏರುವುದಿಲ್ಲ ಅಜ್ಜಿ. ಪದರವೇ ಬೆಳೆಯದಿದ್ದರೆ ಕೆಡವಲು ಏನಿರುತ್ತದೆ?

ಅಜ್ಜಿಯ ಭಯಕ್ಕೂ ಕಾರಣವಿದೆ ಅನ್ನಿ. ಅವರ ಕಾಲದ ವಂಕಿಯೇ ಬೇರೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕುವ ಕಾಪರ್-ಟಿಯಲ್ಲಿ ಹಾರ್ಮೋನಿಲ್ಲ, ತಾಮ್ರ ಮಾತ್ರ. ಅದು ಸ್ರಾವವನ್ನೂ ಹೊಟ್ಟೆನೋವನ್ನೂ ಹೆಚ್ಚಿಸಬಹುದು, ಮಿರೆನಾ ಇಳಿಸುತ್ತದೆ. ಅತ್ತೆಯ ಕಾಪರ್-ಟಿ ಅನುಭವ ಸೊಸೆಯ ಮಿರೆನಾಕ್ಕೆ ಸಾಕ್ಷಿಯಾಗದು.

ಮಿರೆನಾದಿಂದ ಮೊಡವೆ, ಸ್ತನಗಳಲ್ಲಿ ನೋವು, ತಲೆನೋವು ಕೆಲವರಿಗೆ ಬರುತ್ತವೆ, ಹೆಚ್ಚಾಗಿ ಮೊದಲ ತಿಂಗಳುಗಳಲ್ಲಿ. ತೂಕವನ್ನೂ ಅದರ ತಲೆಗೇ ಕಟ್ಟುವವರಿದ್ದಾರೆ. ಸಂಜೆಯ ಬೋಂಡ ಎಂಬ ಇನ್ನೊಬ್ಬ ಆರೋಪಿಯನ್ನೂ ವಿಚಾರಿಸಿಕೊಳ್ಳಲಿ. ಮನಸ್ಸು ಕುಗ್ಗುವುದು ಮಾತ್ರ ನಗುವ ವಿಷಯವಲ್ಲ. ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ, ಯಾವುದೂ ಬೇಡವೆನಿಸಿದರೆ, "ನಿನ್ನ ಸ್ವಭಾವವೇ ಹಾಗೆ" ಎಂದು ಗಂಡ ಹೇಳಿದ್ದನ್ನು ಒಪ್ಪಿಕೊಂಡು ಕೂರಬಾರದು, ಡಾಕ್ಟರಿಗೆ ಹೇಳಬೇಕು. ವಂಕಿಯ ತುದಿಯ ದಾರ ಚುಚ್ಚುತ್ತದೆಂದು ಗಂಡನ ದೂರಿದ್ದರೆ ಅದಕ್ಕೂ ಪರಿಹಾರವಿದೆ, ಡಾಕ್ಟರು ಕತ್ತರಿಸಿ ಚಿಕ್ಕದು ಮಾಡುತ್ತಾರೆ. ದೂರನ್ನು ತಾನೇ ಬಂದು ಹೇಳುವ ಧೈರ್ಯ ಆತನಿಗಿರಬೇಕು, ಅಷ್ಟೆ.

"ನಮ್ಮ ಚಿಕ್ಕಮ್ಮ, ಗರ್ಭಕೋಶವೇ ತೆಗೆಸಿಬಿಡು, ಪೀಡೆ ಹೋಯ್ತು ಅಂತಾರೆ," ಎಂದಳು ಮೊನ್ನೆ. ಆಗ ಮಾತ್ರ ನಾನು ಗೋಡೆಯ ಮೇಲೆ ಕೈಯೂರಿ ಗಟ್ಟಿಯಾಗಿ ಮಾತಾಡಿದೆ. ಕಲಬುರಗಿ ಕಡೆಯ ತಾಂಡಾಗಳಲ್ಲಿ ಎಳೆ ವಯಸ್ಸಿನವರಿಗೂ ಬೇಕಿಲ್ಲದೆ ಆ ಆಪರೇಷನ್ ಮಾಡಿದರೆಂಬ ದೂರು ಕೇಳಿಬಂದು ದಶಕವಾಯಿತು. ಆ ಗತಿ ತಪ್ಪಿಸಲೆಂದೇ ಎಷ್ಟೋ ಡಾಕ್ಟರುಗಳು ಈ ಮಿರೆನಾ ಹಾಕುವುದು. ತೆಗೆದ ಗರ್ಭಕೋಶ ಮರಳಿ ಬಾರದು. ಮಿರೆನಾವನ್ನಾದರೆ ಡಾಕ್ಟರು ದಾರ ಹಿಡಿದು ಎಳೆದರೆ ಮುಗಿಯಿತು, ಕೆಲವೇ ನಿಮಿಷದ ಕೆಲಸ.

"ಹಾಗಾದ್ರೆ ತೆಗೆಸ್ಲಾ, ಇರ್ಲಾ?"

ಮೂರನೇ ತಿಂಗಳಿಗೇ ತೆಗೆಸಿದರೆ ಕಷ್ಟವನ್ನೆಲ್ಲ ಉಂಡು ಸುಖ ಬರುವ ಹೊತ್ತಿಗೆ ಎದ್ದು ಬಂದಂತೆ ಎಂಬುದು ನನ್ನ ಅಭಿಪ್ರಾಯ. ತಡೆಯಲಾಗದಿದ್ದರೆ ತೆಗೆಸಿಕೊಳ್ಳುವುದು ಅವಳ ಹಕ್ಕು, ಯಾರ ಅಪ್ಪಣೆಯೂ ಬೇಡ. ಜ್ವರ, ಕೆಳಹೊಟ್ಟೆಯಲ್ಲಿ ತಡೆಯಲಾಗದ ನೋವು, ವಾಸನೆಯ ಬಿಳಿಸೆರಗು ಕಂಡರೆ, ಅಥವಾ ದಾರವೇ ಕೈಗೆ ಸಿಗದಿದ್ದರೆ ಆರು ತಿಂಗಳೂ ಇಲ್ಲ, ಆರು ದಿನವೂ ಇಲ್ಲ, ಅಂದೇ ಹೋಗಬೇಕು. ತೆಗೆಸುವವರು ಬೇರೆ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಿ: ತೆಗೆಸಿದ ಮೇಲೆ ಬಸಿರಾಗಲು ಹೆಚ್ಚು ದಿನ ಬೇಕಿಲ್ಲ.