ಸರಾಸರಿಯ ಸಮಾಧಾನ

ಆರ್ಡುಯಿನೊ ಊನೊ ಬೋರ್ಡಿಗೆ ಎಲ್‌ಎಂ35 ಉಷ್ಣತಾ ಸಂವೇದಕ ಜೋಡಿಸಿ ಕೋಣೆಯ ಉಷ್ಣತೆ ನೋಡಹೊರಟವರಿಗೆ ಮೊದಲು ಕಾಣುವುದು ಅಂಕಿಗಳ ಕುಣಿತ. ಫ್ಯಾನು ಕೂಡ ನಿಂತಿದೆ. ಪರದೆಯಲ್ಲಿ ಮಾತ್ರ 27.3, 28.3, 26.9! ಊನೊ 5 ವೋಲ್ಟನ್ನು 1024 ಮೆಟ್ಟಿಲಾಗಿ ಕತ್ತರಿಸುತ್ತದೆ. ಸಂವೇದಕ ಕೊಡುವುದು ಡಿಗ್ರಿಗೆ 10 ಮಿಲಿವೋಲ್ಟ್. ಒಂದು ಮೆಟ್ಟಿಲು ಎಡವಿದರೆ ಕೋಣೆಗೆ ಅರ್ಧ ಡಿಗ್ರಿ ಜ್ವರ.

ಮದ್ದು, ಚಲಿಸುವ ಸರಾಸರಿ. ಇತ್ತೀಚಿನ 16 ಅಳತೆಗಳ ಮೊತ್ತ ಇಟ್ಟುಕೊಂಡು, ಹೊಸದು ಬಂದಾಗ ಅತಿ ಹಳೆಯದನ್ನು ಕಳೆದು ಹೊಸದನ್ನು ಕೂಡಿಸಿ, ಮೊತ್ತವನ್ನು 16ರಿಂದ ಭಾಗಿಸುವುದು. 16 ಏಕೆಂದರೆ, ಭಾಗಾಕಾರವೆಂದರೆ ಬೆವರುವ ಊನೊದ ಚಿಪ್‌ಗೆ ಬಿಟ್‌ಗಳನ್ನು ನಾಲ್ಕು ಸ್ಥಾನ ಬಲಕ್ಕೆ ಸರಿಸುವುದು ಸಲೀಸು.

ಆಸೆಬುರುಕರು ಸಾವಿರ ಅಳತೆ ಕೂಡಿಡಲು ಹೋಗುತ್ತಾರೆ. ಅಳತೆಗೆರಡು ಬೈಟ್, ಮೆಮೊರಿಯಲ್ಲಿ ಇರುವ 2048 ಬೈಟ್‌ಗಳಲ್ಲಿ ಉಳಿಯುವುದು 48! ಅಷ್ಟೇ ಅಲ್ಲ, ಮೊತ್ತವನ್ನು ಪೂರ್ಣಾಂಕಗಳ ಮಾಮೂಲಿ ಡಬ್ಬಿಯಾದ ಇಂಟ್‌ನಲ್ಲಿಟ್ಟರೆ 32,767ಕ್ಕೆ ಅದರ ಹೊಟ್ಟೆ ತುಂಬಿತು. ಗರಿಷ್ಠ 1023ರಂತೆ 32 ಅಳತೆ ಹೇಗೋ ಹಿಡಿಸುತ್ತವೆ, 33ನೆಯದಕ್ಕೆ ಮೊತ್ತ ಋಣಕ್ಕೆ ಜಾರುತ್ತದೆ.

ಸರಾಸರಿಗೆ ಸೋಮಾರಿತನವೂ ಉಂಟು. ಸೆಕೆಂಡಿಗೊಂದು ಅಳತೆಯಾದರೆ, ಏರುತ್ತಿರುವ ಉಷ್ಣತೆಯನ್ನು ಅದು ಏಳೂವರೆ ಸೆಕೆಂಡು ತಡವಾಗಿ ವರದಿ ಮಾಡುತ್ತದೆ. ಎಲ್ಲಿಂದಲೋ ನುಗ್ಗಿದ ಒಂದೇ ಸುಳ್ಳು ಅಳತೆಯನ್ನಂತೂ ಹದಿನಾರು ಸರದಿ ಮುಗಿಯುವವರೆಗೂ ಹೊತ್ತು ತಿರುಗುತ್ತದೆ. ಅಂಥ ಕಡೆ ಮಧ್ಯಾಂಕವೇ ವಾಸಿ; ಅಳತೆಗಳನ್ನು ಸಾಲಾಗಿ ನಿಲ್ಲಿಸಿ, ನಡುವಿನವನನ್ನು ಮಾತ್ರ ಮಾತಾಡಿಸುತ್ತದೆ.