ಸೀಟಿನ ಕೆಳಗಿನ ಆರೋಪಿ

ನಮ್ಮ ಅಕ್ಕನ ಮಗ ಸೆಕೆಂಡ್ ಹ್ಯಾಂಡ್ ಯಮಹಾ ಆರ್15 ತಂದ ಪುರಾಣ ಈ ಅಂಕಣದ ಓದುಗರಿಗೆ ಬಾಯಿಪಾಠವಾಗಿದೆ, ಮತ್ತೆ ಹೇಳುವುದಿಲ್ಲ. ಹೊಸ ಸುದ್ದಿ ಏನೆಂದರೆ ಈಗ ಸೆಲ್ಫ್ ಒತ್ತಿದರೆ ಬರುವುದು ‘ಟಿಕ್ ಟಿಕ್’ ಸದ್ದು ಮಾತ್ರ. ಯಾವ ಬ್ಯಾಟರಿ ಹಾಕಿಸಬೇಕು ಎಂಬುದಕ್ಕೆ ರಾಮದುರ್ಗದ ಒಂದೊಂದು ಚಹಾದಂಗಡಿಯೂ ಒಂದೊಂದು ತೀರ್ಪು ಕೊಟ್ಟಾಗಿದೆ. ಯಾರೂ ಕೇಳದೆ ಉಳಿದದ್ದು ಬ್ಯಾಟರಿಯನ್ನು. ಸೀಟು ಬಿಚ್ಚಿ ಅದನ್ನೇ ಮಾತಾಡಿಸಿದೆ.

ನಾನು: ನಮಸ್ಕಾರ್ರೀ. ಆರಾಮ ಅದೀರಿ?

ಬ್ಯಾಟರಿ: 10.6 ವೋಲ್ಟಿನ್ಯಾಗ ಏನ್ ಆರಾಮ್ರೀ ಸಾಹೇಬ್ರ? ನಮ್ದು ಆರು ಖೋಲಿ ಮನಿ. ಖೋಲಿಗೆ ಎರಡ ವೋಲ್ಟು, ಮ್ಯಾಲ ಚೂರು ಚಿಲ್ಲರ. ಎಲ್ಲಾ ಖೋಲ್ಯಾಗ ದೀಪ ಇದ್ರ 12.7 ತೋರಸ್ತೈತಿ. ನನ್ನ ಒಂದ ಖೋಲಿ ಪೂರಾ ಕತ್ತಲಾಗೇತಿ.

ನಾನು: ಹಂಗಾರ ದೂಡಿ ಚಾಲೂ ಮಾಡಿದ್ರ ನಡೀತಿತ್ತಲ್ಲ?

ಬ್ಯಾಟರಿ: ನಿಮ್ಮ ಕಾಲದ ರಾಜದೂತ ಅಲ್ರೀ ಇದು! ಇಂಜೆಕ್ಷನ್ ಗಾಡಿ. ಪೆಟ್ರೋಲ್ ಮ್ಯಾಲೆತ್ತೂ ಪಂಪಿಗೂ ಕರೆಂಟ್ ನಾನ ಕೊಡಬೇಕು, ಸ್ಪಾರ್ಕಿಗೂ ನಾನ ಕೊಡಬೇಕು. ಕಿಕ್ಕಂತೂ 2008ರಾಗ ಈ ಮಾಡೆಲ್ ಬಂದಾಗಿಂದ ಇಲ್ಲ. ಮೊನ್ನೆ ನಿಮ್ಮ ಅಳಿಯನ ಗೆಳ್ಯಾರು ತೇರಬಜಾರದ ತನಕ ದೂಡಿದ್ರು. ಅವರಿಗೆ ಬೆವರು ಬಂತು, ಇಂಜಿನ್ನಿಗೆ ಉಸರ ಬರ್ಲಿಲ್ಲ.

ನಾನು: ಅಂದ್ರ ನಿಮ್ಮನ್ನ ಬದಲಿಸೂದ ಖರೇ.

ಬ್ಯಾಟರಿ: ಬದಲಿಸ್ರಿ! ಈ ಡಬ್ಬ್ಯಾಗ ನಾ ಮೂರನೇದಾಂವ. ಮೊದಲಿನ ಇಬ್ರೂ ಹಿಂಗ ಹೋದ್ರು. ಆದ್ರ ಆ ರೆಗ್ಯುಲೇಟರನ ಯಾರರೆ ಒಂದ ಮಾತ ಕೇಳೀರೇನು? ಇಂಜಿನ್ ತಿರಗಿ ಹುಟ್ಟಿದ ಕರೆಂಟ್ ಹದ ಮಾಡಿ ನನಗ ಉಣಿಸೂದು ಅಂವನ ಕೆಲಸ. ಗಾಡಿ ಚಾಲೂ ಇಟ್ಟು ಎಕ್ಸಲೇಟರ್ ಕೊಟ್ರ ನನ್ನ ಟರ್ಮಿನಲ್ ಮ್ಯಾಲ 14ರ ಆಸುಪಾಸು ವೋಲ್ಟ್ ಬರಬೇಕು. ಅಂವ ಕೆಟ್ರ 13 ದಾಟಸಂಗಿಲ್ಲ, ಇಲ್ಲಾಂದ್ರ 15ರ ಮ್ಯಾಲ ಸುರದು ನನ್ನ ಹೊಟ್ಯಾಗಿನ ನೀರೆಲ್ಲಾ ಆರಸ್ತಾನ. ಉಪಾಸ ಕೆಡವಿದ್ರೂ ಅಂವನ, ಅಜೀರ್ಣ ಮಾಡಿದ್ರೂ ಅಂವನ. ಊರಾಗ ಹೆಸರ ಕೆಡೂದು ನಂದು!

ನಾನು: ಇದು ಕೇಳಿದ್ರ ನಮ್ಮ ರೈಲಿನ ಕಥಿ ನೆನಪಾಗ್ತೈತಿ ನೋಡ್ರಿ. ಬಾಗಲಕೋಟೆ–ಕುಡಚಿ ಮಾರ್ಗ, 142 ಕಿ.ಮೀ., 2010-11ರ ರೈಲ್ವೆ ಬಜೆಟ್ಟಿನ್ಯಾಗ ಬಂದದ್ದು. ತುಂಡು ತುಂಡಾಗಿ ಲೋಕಾಪುರದ ಕಡೆ ತೆವಳೇತಿ. ಕಿತ್ತೂರಿನವ್ರಿಗೆ ಧಾರವಾಡ–ಬೆಳಗಾವಿ ನೇರ ಮಾರ್ಗ ಕಾಗದದ ಮ್ಯಾಲರೆ ಐತಿ. ಲೋಕಾಪುರದಿಂದ ರಾಮದುರ್ಗ, ಸವದತ್ತಿ, ಧಾರವಾಡ ಅಂದ್ರ? ಮನವಿ, ಸರ್ವೆ, ಮತ್ತ ಮನವಿ. ಲಾಭ ಬರಂಗಿಲ್ಲಂತ! ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಬರೂ ಲಕ್ಷಗಟ್ಟಲೆ ಭಕ್ತರು ಇವರ ಲೆಕ್ಕದಾಗ ಗಾಳ್ಯಾಗ ಹಾರಿ ಬರ್ತಾರೇನು? ಇದಕ್ಕ ನಿಮ್ಮ ಅಭಿಪ್ರಾಯ?

ಬ್ಯಾಟರಿ: ನಾ ರೆಗ್ಯುಲೇಟರ್ ಬಗ್ಗೆ ಹೇಳಾಕತ್ತಿದ್ದೆ.

ನಾನು: ಹೌದು ಹೌದು. ಕಂಪನಿ ಯಾವುದು ಛಲೋ? ಎಕ್ಸೈಡೋ, ಅಮರಾನೋ, ಎಸ್ಎಫ್ ಸೋನಿಕ್ಕೋ?

ಬ್ಯಾಟರಿ: ನಿಮ್ಮ ಚಹಾದಂಗಡ್ಯಾಗ ಎಕ್ಸೈಡಿನವ್ರೂ ಎಸ್ಎಫ್ ಸೋನಿಕ್ಕಿನವ್ರೂ ಕೈ ಕೈ ಮಿಲಾಯಿಸೂದೊಂದ ಬಾಕಿ ಇತ್ತು. ಎರಡೂ ಒಂದ ಮನೀವು. ಮ್ಯಾಲಿನ ಹೆಸರು ಓದೂ ಬದಲಿ ತಯಾರಾದ ತಿಂಗಳ ಓದ್ರಿ. ಆರು ತಿಂಗಳ ಅಂಗಡಿ ಕಪಾಟಿನ್ಯಾಗ ಕುಂತು ತಾನ ಸೋರಿದ್ದನ್ನ ಹೊಸದಂತ ಒಯ್ದ್ರ ಯಾವ ಕಂಪನಿ ಏನ್ ಮಾಡ್ತೈತಿ? ಆದ್ರ ಕೇಳ್ರಿಲ್ಲಿ, ಬಂಗಾರದ ಬ್ಯಾಟರಿ ಹಾಕಿದ್ರೂ ಆ ರೆಗ್ಯುಲೇಟರ್...

ನಾನು: ದೊಡ್ಡದು ಹಾಕಿದ್ರ? ಪಲ್ಸರಿಂದು 9 ಆಂಪಿಯರ್-ಅವರ್ ಹಾಕ್ಸು, ಜೀವನಪೂರ್ತಿ ನೋಡೂದ ಬ್ಯಾಡ ಅಂತ ಒಬ್ರು ಹೇಳ್ಯಾರ.

ಬ್ಯಾಟರಿ: ನಂದು 4. ನಾ ಕುಂತ ಜಾಗಾ ನೋಡ್ರಿ, ಒಂಬತ್ತರಾಂವ ಒಳಗ ಹೊಗ್ಗಂಗಿಲ್ಲ. ಸೀಟ ಕೊಯ್ದು, ವಾಯರ್ ಜಗ್ಗಿ, ಪ್ಲಸ್ಸು ಮೈನಸ್ಸು ಉಲ್ಟಾ ಬಂದು, ಬಾಡಿಗೆ ತಾಗಿ ಕಿಡಿ ಹಾರಿದ ಮ್ಯಾಲ ಆ ಹೇಳಿದಾಂವ ಎಲ್ಲಿರ್ತಾನ? ಎಷ್ಟು, ಯಾವ ಅಳತಿ ಅಂತ ಕಂಪನಿ ಪುಸ್ತಕದಾಗ ಬರದೈತಿ. ಅಷ್ಟ ಹಾಕ್ರಿ.

ನಾನು: ಲಿಥಿಯಂ? ಹುಡುಗರು ಅದರ ಹಿಂದ ಬಿದ್ದಾರ.

ಬ್ಯಾಟರಿ: ಹಗರ ಇರತೈತಿ, ರೊಕ್ಕ ಭಾರ. 15 ವೋಲ್ಟ್ ಸುರಿಯೂ ರೆಗ್ಯುಲೇಟರಿಗೆ ಅದನ್ನ ಜೋಡಸ್ರಿ, ಆಮ್ಯಾಲ ನನ್ನ ಸಾವ ಭಾಳ ಸಭ್ಯ ಇತ್ತು ಅನಸ್ತೈತಿ.

ನಾನು: ಬಿಸಲಿಂದೂ ಪಾಲ ಐತಂತಲ್ಲ?

ಬ್ಯಾಟರಿ: ಐತಿ. ಹತ್ತು ಡಿಗ್ರಿ ಸೆಕಿ ಏರಿದ್ರ ನಮ್ಮ ಆಯುಷ್ಯ ಅರ್ಧಕ್ಕ ಬರತೈತಂತ ಲೆಕ್ಕ. ರಾಮದುರ್ಗದ ಏಪ್ರಿಲ್ ನಿಮಗೂ ಗೊತ್ತು. 2017ರ ಏಪ್ರಿಲ್‌ನಿಂದ ಹೊಸ ಗಾಡಿಗೆ ಹೆಡ್‌ಲೈಟ್ ಆರಸೂ ಸ್ವಿಚ್ಚೂ ಇಲ್ಲ. ಇಂಜಿನ್ ಚಾಲೂ ಇರೂತನಕ ಹಗಲ್ಹೊತ್ತೂ ಉರೀಬೇಕು. ಅದನ್ನೆಲ್ಲಾ ನಾ ಮನಸಿಗೆ ಹಚ್ಕೊಂಡಿಲ್ಲ. ನಿಮ್ಮ ಅಳಿಯ ಕಟ್ಟಿದ ನೀಲಿ ಲೈಟೂ ಕ್ಷಮಿಸೀನಿ. ನನ್ನ ಹೊಟ್ಟಿ ಉರಿ ಒಬ್ಬಾವನ ಮ್ಯಾಲ ಅಷ್ಟ.

ನಾನು: ನೀವು ಸೀಸದ ಬ್ಯಾಟರಿಗಳು ಭಾಳ ಹಳೇ ಮನೆತನದವ್ರಂತ ಕೇಳೀನಿ.

ಬ್ಯಾಟರಿ: 1859. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ನಮ್ಮ ಮೂಲಪುರುಷನ್ನ ಮಾಡಿದ. ಸ್ಟೇಶನ್ನಿನ್ಯಾಗ ನಿಂತ ರೈಲು ಡಬ್ಬಿಗೆ ದೀಪ ಹಚ್ಚೂದು ನಮ್ಮ ಮನೆತನದ ಮೊದಮೊದಲ ನೌಕರಿ.

ನಾನು: ರೈಲು ಡಬ್ಬಿ! ನೋಡ್ರಿ ಓದುಗರ, ರೈಲಿಗಾಗಿ ಹುಟ್ಟಿದ ಮನೆತನದ ಕೂಸು ರೈಲಿಲ್ಲದ ಊರಾಗ ಸಾಯಾಕತ್ತೇತಿ! ರಾಮದುರ್ಗಕ್ಕ ಒಂದ ಪ್ಯಾಸೆಂಜರ್ ಬರ್ತಿದ್ರ ನಮ್ಮ ಹುಡುಗ ಧಾರವಾಡದ ಕಾಲೇಜಿಗೆ ಹೋಗಾಕ ಈ ಹಳೇ ಗಾಡಿ ಯಾಕ ತರ್ತಿದ್ದ? ನೀವು ರೈಲ್ವೆ ಮಂತ್ರಿಗಳಿಗೆ ಏನ್ ಹೇಳಾಕ ಇಚ್ಛಾ ಪಡ್ತೀರಿ?

ಬ್ಯಾಟರಿ: ರೆಗ್ಯುಲೇಟರ್ ಚೆಕ್ ಮಾಡಸ್ರಿ ಅಂತ.

ನಾನು: ಆತ್ರಿ. ಗಾಡಿ ಕೊಳ್ಳೂ ದಿನ ಒಂದ ಸಲಕ್ಕ ಚಾಲೂ ಆಗಿತ್ತಲ್ಲ?

ಬ್ಯಾಟರಿ: ಆಗಲಾರದ ಏನ್ರಿ? ನಿಮ್ಮ ಅಳಿಯ ಬರೂಕಿಂತ ಮೊದಲ ಅರ್ಧ ತಾಸು ಊರ ಸುತ್ತಿಸಿ ನಿಲ್ಲಸಿದ್ರು. ಇಂಜಿನ್ ತಣ್ಣಗೈತೋ ಬಿಸಿ ಐತೋ ಅಂತ ಕೈ ಹಚ್ಚಿ ನೋಡ್ಲಿಲ್ಲ ನಿಮ್ಮ ಹುಡುಗ, ಸ್ಟಿಕ್ಕರ್ ನೋಡಿದ. ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಗಾಡಿ 2019ರ ಆಗಸ್ಟಿನ್ಯಾಗ ಹೊಳಿ ನೀರ ಕುಡದೈತಿ.

ನವಿಲುತೀರ್ಥ ಅಣೆಕಟ್ಟಿನ ಗೇಟು ತೆರೆದು, ಮಲಪ್ರಭೆ ಊರೊಳಗೆ ನುಗ್ಗಿ, ನೇಕಾರರ ಮಗ್ಗಗಳನ್ನು ಮುಳುಗಿಸಿದ ಆಗಸ್ಟ್ ಅದು. ಮಗ್ಗಕ್ಕೆ ಪಂಚನಾಮೆ, ಬೈಕಿಗೆ ಪಾಲಿಶ್. ನಾನು ಬಗ್ಗಿ ನೋಡಿದೆ. ರೆಗ್ಯುಲೇಟರಿನಿಂದ ಬರುವ ವಾಯರಿನ ಕನೆಕ್ಟರ್ ತುಂಬ ಹಸಿರು ಕಿಲುಬು, ಒಂದು ಪಿನ್ನು ಸುಟ್ಟು ಕರಿ.

ನಾನು: ಅಲ್ರೀ, ಹಂಗಾರ ರೆಗ್ಯುಲೇಟರಿಂದೂ ತಪ್ಪಿಲ್ಲ! ಅಂವ ಕಳಿಸಿದ್ದು ಈ ಕನೆಕ್ಟರಿನ್ಯಾಗ ಸಾಯಾಕತ್ತೇತಿ.

ಬ್ಯಾಟರಿ: ಅಂವಂದ ತಪ್ಪು.

ನಾನು: ಕಿಲುಬು ನೋಡ್ರಿ ಒಮ್ಮೆ.

ಬ್ಯಾಟರಿ: ಅಂವಂದ.

ನಾನು: ಇರ್ಲಿ ಬಿಡ್ರಿ. ಗ್ಯಾರಂಟಿ ಏನರೆ ಉಳದೈತೇನು?

ಬ್ಯಾಟರಿ: 48 ತಿಂಗಳಂತ ದೊಡ್ಡ ಅಕ್ಷರದಾಗ ಇರತೈತಿ. ಸಣ್ಣ ಅಕ್ಷರದಾಗ 24 ಪೂರಾ, ಉಳಿದ 24 ಪ್ರೊ-ರೇಟಾ. ಅಂದ್ರ ಹೊಸದು ಕೊಂಡ್ರ ಒಂದೀಟು ರಿಯಾಯ್ತಿ. ಕಾರ್ಡು ಎಲ್ಲೈತಿ? ಮಾರಿದಾವನ ಕಡೆ. ಅಂವ ಎಲ್ಲದಾನ? ಫೋನ್ ಎತ್ತಂಗಿಲ್ಲ.

ನಾನು: ಕಡೀ ಪ್ರಶ್ನೆ. ಇಲ್ಲಿಂದ ಎಲ್ಲಿಗೆ ಪಯಣ? ಗುಜರಿಯಾಂವ ನಾಳೆ ಬರ್ತೀನಿ ಅಂದಾನ. ರೊಕ್ಕಾನೂ ಕೊಡ್ತಾನಂತ.

ಬ್ಯಾಟರಿ: ಅಂವಗ ಕೊಡಬ್ಯಾಡ್ರಿ. ಇದು ಚಾಷ್ಟಿ ಅಲ್ಲ. ನನ್ನ ತೂಕದಾಗ ಅರ್ಧಕ್ಕಿಂತ ಹೆಚ್ಚು ಸೀಸ ಐತಿ. ಲೈಸೆನ್ಸ್ ಇಲ್ಲದ ಜಾಗಾದಾಗ ಕೊಡ್ಲಿ ತಗೊಂಡು ಹೊಡೀತಾರ. ಆ್ಯಸಿಡ್ ಗಟಾರಕ್ಕ ಹೋಗತೈತಿ. ಸೀಸ ಬಯಲಾಗ ಬಾಣಲೆಯೊಳಗ ಕರಗತೈತಿ. ಆ ಹೊಗಿಯಾಗ ಕೂಸುಗಳು ಆಡ್ತಿರ್ತಾವು.

ಇಲ್ಲಿ ಸಂದರ್ಶನ ನಿಲ್ಲಿಸಿ ನಾನೇ ಹೇಳಬೇಕು. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆ 2020ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸ ಅಪಾಯದ ಮಟ್ಟದಲ್ಲಿದೆ. ಭಾರತದಲ್ಲೇ ಅಂಥ ಮಕ್ಕಳು ಸುಮಾರು 27.5 ಕೋಟಿ. ಇದಕ್ಕೆ ದೊಡ್ಡ ಕಾರಣಗಳಲ್ಲಿ ಒಂದೆಂದು ವರದಿ ಹೆಸರಿಸಿದ್ದು ಹೀಗೆ ಕದ್ದುಮುಚ್ಚಿ ಒಡೆಯುವ ಬ್ಯಾಟರಿಗಳನ್ನು. ಸೀಸ ಹೊಕ್ಕ ಮಗುವಿನ ಬುದ್ಧಿಗೆ ಆದ ಪೆಟ್ಟು ಯಾವ ಔಷಧಿಯಿಂದಲೂ ವಾಸಿಯಾಗುವುದಿಲ್ಲ. ಕಾಯ್ದೆ ಇಲ್ಲವೆಂದಲ್ಲ. ಹಳೆಯ ಬ್ಯಾಟರಿಯನ್ನು ಮಾರಾಟಗಾರರು ವಾಪಸು ಪಡೆಯಬೇಕೆಂದು 2001ರಲ್ಲೇ ನಿಯಮ ಬಂತು. 2022ರ ಹೊಸ ನಿಯಮ ಸಂಗ್ರಹ, ಮರುಬಳಕೆಯ ಹೊಣೆಯನ್ನು ತಯಾರಕರ ಕೊರಳಿಗೇ ಕಟ್ಟಿತು. ಇಪ್ಪತ್ತು ವರ್ಷ ದಾಟಿದ ಕಾಯ್ದೆಯ ಎದುರಿಗೇ ಗುಜರಿ ಗಾಡಿ ‘ಹಳೇ ಬ್ಯಾಟರಿ’ ಎಂದು ಮೈಕಿನಲ್ಲಿ ಕೂಗುತ್ತ ಓಣಿ ಓಣಿ ತಿರುಗುತ್ತದೆ. ಹೊಟ್ಟೆಪಾಡಿಗೆ ತಿರುಗುವವನ ಮೇಲೆ ನನಗೆ ಸಿಟ್ಟಿಲ್ಲ. ಬ್ಯಾಟರಿ ಮಾರುವಾಗ ಲಾಭ ಎಣಿಸಿ, ಸತ್ತಾಗ ಗುರುತೇ ಇಲ್ಲದವರಂತೆ ಇರುವವರ ಮೇಲೆ ಇದೆ. ತಿರುಗಾಡಿ ನೋಡಬೇಕಾದವರು ಕುರ್ಚಿ ಬಿಟ್ಟು ಏಳದಿರುವುದರ ಮೇಲೆ ಇನ್ನೂ ಹೆಚ್ಚು ಇದೆ.

ಅಂದ ಹಾಗೆ, ಕನೆಕ್ಟರ್, ಬ್ಯಾಟರಿ ಎರಡನ್ನೂ ಬದಲಿಸಿ, ಗಾಡಿ ಚಾಲೂ ಇಟ್ಟು ಮೀಟರ್ ಹಚ್ಚಿದಾಗ 14.1 ತೋರಿಸಿತು. ಹೊಸ ಬ್ಯಾಟರಿ ಅದೇ ಅಳತೆಯ, ಅದೇ 4 ಆಂಪಿಯರ್-ಅವರ್‌ನದು. ರೆಗ್ಯುಲೇಟರ್ ಹಳೆಯದೇ, ಸುಖವಾಗಿದ್ದಾನೆ. ನೀವೂ ಅಂಗಡಿಗೆ ಹೋಗುವ ಮುನ್ನ ಗಾಡಿ ಚಾಲೂ ಇಟ್ಟು ವೋಲ್ಟ್ ಅಳೆಸಿರಿ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅದೇ ಅಂಗಡಿಗೆ ಒಪ್ಪಿಸಿ, ಬಿಲ್ಲಿನಲ್ಲಿ ಹಾಗೆಂದು ಬರೆಸಿಕೊಳ್ಳಿರಿ. ಗುಜರಿಯವನು ನೂರು ರೂಪಾಯಿ ಹೆಚ್ಚು ಕೊಡುತ್ತೇನೆ ಎಂದರೂ ಕೊಡಬೇಡಿರಿ.