ಕೌದಿ ಅಜ್ಜಿಯ ಕಣ್ಣು

ಹಲಸೂರಿನ ಸೋಮೇಶ್ವರ ಗುಡಿಯ ಸುತ್ತಿನ ಗಲ್ಲಿಗಳಲ್ಲಿ ಓಡಾಡುವವರಿಗೆ ಈ ಅಜ್ಜಿ ಎಲ್ಲಾದರೂ ಸಿಕ್ಕೇ ಸಿಗುತ್ತಾರೆ. ಎದುರು ಬಂದವರ ಮುಖ ನೋಡುವುದಿಲ್ಲ, ಸೆರಗು ನೋಡುತ್ತಾರೆ. ಅಷ್ಟೇ ಸಾಲದೆಂದು ಎರಡು ಬೆರಳಲ್ಲಿ ಹಿಡಿದು ಉಜ್ಜುತ್ತಾರೆ. 'ಇದು ಎಂದ ಹರೀತದವಾ?' ಎನ್ನುವ ದನಿಯಲ್ಲಿ ಎಂಥ ಕಳಕಳಿಯೆಂದರೆ, ನಾವೇ ಹರಿದು ಕೊಟ್ಟುಬಿಡೋಣ ಅನಿಸುತ್ತದೆ.

ಎಚ್‌ಎಎಲ್ ನೌಕರಿ ಸಿಕ್ಕ ಗಂಡನ ಜೊತೆ ಧಾರವಾಡದಿಂದ ಬಂದಾಗ ಟ್ರಂಕಿನಲ್ಲಿದ್ದದ್ದು ಹೊದೆಯಲು ಹಳೆ ಬಟ್ಟೆಯಲ್ಲಿ ಹೊಲಿದ ಎರಡು ಕೌದಿ, ಒಂದು ದಬ್ಬಣ. ಅಂದಿನಿಂದ ಆ ಮನೆಯ ಒಂದು ಚಿಂದಿಯೂ ಕಸದ ಗಾಡಿ ಹತ್ತಿಲ್ಲ. ಹಳೆ ಸೀರೆ ಕೊಟ್ಟು ಸ್ಟೀಲ್ ಡಬ್ಬಿ ಕೊಂಡ ಸೊಸೆಯೊಡನೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. ಶಿವಾಜಿನಗರದ ಟೈಲರುಗಳ ಹತ್ತಿರ ಚೀಲ ಹಿಡಿದು ಹೋಗುತ್ತಾರೆ. ಸಿಗುವುದು ಬರೀ ಪಾಲಿಯೆಸ್ಟರ್. 'ಮೈಗೆ ಹತ್ತಂಗಿಲ್ಲ ಇದು' ಎಂದು ಬೈಯುತ್ತಲೇ ಚೀಲ ತುಂಬಿಸುತ್ತಾರೆ.

2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೋ ಓಡಿತಲ್ಲ, ಊರೆಲ್ಲ ಬೆರಗಾಗಿ ಕಿಟಕಿಗೆ ಅಂಟಿಕೊಂಡಿತ್ತು. ಅಜ್ಜಿಯೂ ಅಂಟಿಕೊಂಡಿದ್ದರು, ಯಾವ ಮಾಳಿಗೆಯ ಹಗ್ಗದಲ್ಲಿ ಯಾವ ಸೀರೆ ಸವೆದಿದೆ ಎಂದು ನೋಡುತ್ತ.

ಕೌದಿಗೆ ಮಷೀನು ಮುಟ್ಟಿಸುವುದಿಲ್ಲ. ಹಳೆ ಸೀರೆಗಳನ್ನು ಪದರಪದರ ಹಾಸಿ, ಮೇಲೆ ತುಂಡು ಜೋಡಿಸಿ, ಅಂಚಿನಿಂದ ಸುತ್ತುತ್ತ ನಡುವಿಗೆ ಬರುತ್ತಾರೆ. ಮಾತಿನದೂ ಅದೇ ದಾರಿ: ಕೆ.ಆರ್. ಪುರದ ಬೀಗರಿಂದ ಹೊರಟು, ಸುತ್ತಿ ಸುತ್ತಿ, ಕೊನೆಗೆ ಸೊಸೆಯ ಮೇಲೆ ಬಂದು ಗಂಟು ಬೀಳುತ್ತದೆ.

ಅವರ ಬಾಯಿ ಕಟ್ಟಿದ್ದು ಒಮ್ಮೆ ಮಾತ್ರ. ಕರಕುಶಲ ಮೇಳವೊಂದರಲ್ಲಿ ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕವಂದಿ, ಅಂದರೆ ಅವರ ಕೌದಿ, ಇತ್ತು. ನಾಲ್ಕೂ ಮೂಲೆಗೆ ಬಟ್ಟೆ ಮಡಿಸಿ ಹೊಲಿದ ಹೂವು. ಅಜ್ಜಿ ಸುಮ್ಮನೆ ನೋಡಿದರು. ಮರುವಾರ ಅವರ ಕೌದಿಗಳಿಗೂ ಹೂವು ಬಂತು. 'ನಮ್ಮವ್ವನೂ ಹಿಂಗ ಮಾಡತಿದ್ಲು' ಅಂದರು.

ಇಂದಿರಾನಗರದ ಮೊಮ್ಮಗಳು ಅಜ್ಜಿಯ ಕೌದಿಗೆ ಫ್ರೇಮು ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದಾಳೆ. ನೋಡಿ ಬಂದ ಅಜ್ಜಿ ಕೇಳಿದ್ದು ಇಷ್ಟೇ: 'ಗ್ವಾಡಿಗೆ ಥಂಡಿ ಆಗಿತ್ತೇನ?'

ಹೋದ ವಾರ ಅವರ ಹೊಸ ಕೌದಿಯ ನಟ್ಟನಡುವೆ ನನ್ನ ಗಂಡನ ನೀಲಿ ಚೌಕುಳಿ ಅಂಗಿ ಕಂಡಿತು, ಜೇಬಿನ ಸಮೇತ. ಹರಿದ ಅಂಗಿಯಲ್ಲ ಅದು. ಮಾಳಿಗೆಯ ಮೇಲೆ ಒಣಗಹಾಕಿದ್ದು. 'ಗಾಳಿಗೆ ಬಂದಿತ್ತವಾ' ಅಂದರು ಅಜ್ಜಿ, ದಾರ ಕಚ್ಚಿ ತುಂಡರಿಸುತ್ತ.

ಹಲಸೂರಿನ ಕಡೆ ಬರುವವರು ದಯವಿಟ್ಟು ನೈಲಾನ್ ಉಟ್ಟು ಬನ್ನಿ.